ಕೈಗವಸು, ಕ್ಯಾಮೆರಾ, ದುಭಾಷಿ: ತಂಗಿಯ ಹುಬ್ಬನ್ನು ಓದಿದ್ದು ಯಾರು?

ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮನೆಯಲ್ಲಿ ನಾವೆಲ್ಲ ಸನ್ನೆ ಭಾಷೆಯಲ್ಲೇ ಮಾತಾಡುತ್ತೇವೆ. ಹೊರಗೆ ಹೋದರೆ ಅವಳ ಪರವಾಗಿ ನಾನು ಮಾತಾಡಬೇಕು. ಅದು ಅವಳಿಗೆ ಇಷ್ಟವಿಲ್ಲ. ಹಾಗಾಗಿ, ಸನ್ನೆಯನ್ನು ತಕ್ಷಣ ಮಾತಾಗಿಸುತ್ತೇವೆ ಅನ್ನುವ ಎಐ ಸಾಧನಗಳನ್ನು ಇಬ್ಬರೂ ಕೂತು ಪರೀಕ್ಷೆ ಮಾಡಿದೆವು.

ಪರೀಕ್ಷೆ ಸುಲಭದ್ದು. 'ನಿನಗೆ ನೋವಿದೆ' ಮತ್ತು 'ನಿನಗೆ ನೋವಿದೆಯಾ?' ಎರಡಕ್ಕೂ ಕೈಯ ಸನ್ನೆ ಒಂದೇ. ಪ್ರಶ್ನೆ ಕೇಳುವಾಗ ತಂಗಿಯ ಹುಬ್ಬು ಮೇಲೇರುತ್ತದೆ, ತಲೆ ಸ್ವಲ್ಪ ಮುಂದೆ ಬರುತ್ತದೆ. ವ್ಯತ್ಯಾಸ ಅಷ್ಟೇ.

ಮೊದಲು ಸೆನ್ಸರ್ ಕೈಗವಸು. ವಿದ್ಯಾರ್ಥಿಗಳ ಪ್ರಾಜೆಕ್ಟ್ ಒಂದರಿಂದ ಎರವಲು ತಂದಿದ್ದೆವು. ಬೆರಳು ಎಷ್ಟು ಬಾಗಿತು, ಕೈ ಎತ್ತ ತಿರುಗಿತು ಅನ್ನುವುದನ್ನು ಚೆನ್ನಾಗಿಯೇ ಹಿಡಿಯಿತು. ಕತ್ತಲಲ್ಲೂ ಕೆಲಸ ಮಾಡಿತು. ಆದರೆ ಕೈಗವಸಿಗೆ ಮುಖ ಕಾಣುವುದೇ ಇಲ್ಲವಲ್ಲ! ಎರಡು ಸಲವೂ 'ನೋವಿದೆ' ಎಂದಿತು. 2016ರಲ್ಲಿ ಅಮೆರಿಕದಲ್ಲಿ ಸೈನ್‌ಅಲೌಡ್ ಎಂಬ ಕೈಗವಸಿಗೆ ಬಹುಮಾನ ಬಂದಾಗ ಕಿವುಡ ಸಮುದಾಯದವರು ಎತ್ತಿದ ಆಕ್ಷೇಪವೂ ಇದೇ. ಹತ್ತು ನಿಮಿಷಕ್ಕೆ ತಂಗಿ ಬಿಚ್ಚಿಟ್ಟಳು. ದಿನವಿಡೀ ಅದನ್ನು ಹಾಕಿಕೊಂಡು ಯಾರು ಓಡಾಡುತ್ತಾರೆ?

ಕ್ಯಾಮೆರಾ ಆ್ಯಪ್ ಮೇಲೆ ನನಗೆ ಜಾಸ್ತಿ ಆಸೆ ಇತ್ತು. ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ವಿಡಿಯೊದಲ್ಲಿ ಪ್ರತಿ ಕೈಗೆ 21 ಬಿಂದುಗಳನ್ನು ಗುರುತಿಸುತ್ತವೆ. ಆ ಬಿಂದುಗಳು ಹೇಗೆ ಚಲಿಸಿದವು ಎಂಬುದರಿಂದ ಪದವನ್ನು ಊಹಿಸುತ್ತವೆ. ಒಂದೊಂದೇ ಪದ ತೋರಿಸಿದರೆ ನಾವು ನೋಡಿದ ಆ್ಯಪ್ ಥಟ್ಟನೆ ಹೇಳಿತು. ತಂಗಿಯ ಮುಖ ಅರಳಿತು. ಅವಳು ತನ್ನ ಮಾಮೂಲಿ ವೇಗಕ್ಕೆ ಬಂದದ್ದೇ ತಡ, ಎಲ್ಲ ಕಲಸಿಹೋಯಿತು. ಒಂದು ಸನ್ನೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಅದಕ್ಕೆ ತಿಳಿಯಲಿಲ್ಲ. ಹೆಸರನ್ನು ಬೆರಳಲ್ಲಿ ಬರೆಯುವಾಗ ಇನ್ನೂ ಕಷ್ಟ. ಅಮೆರಿಕನ್ ಸನ್ನೆ ಭಾಷೆಯ ಅಕ್ಷರಗಳಿಗೆ ಒಂದು ಕೈ ಸಾಕು. ಬ್ರಿಟಿಷ್ ಮತ್ತು ಭಾರತೀಯ ಸನ್ನೆ ಭಾಷೆಗಳಲ್ಲಿ ಎರಡು ಕೈ ಬೇಕು, ಒಂದರ ಬೆರಳು ಇನ್ನೊಂದನ್ನು ಮರೆಮಾಡುತ್ತದೆ. ಹುಬ್ಬಿನ ಪರೀಕ್ಷೆಯಲ್ಲೂ ಅದು ಸೋತಿತು, ಕೈ ಮಾತ್ರ ನೋಡುತ್ತಿತ್ತು.

ಮುಖಕ್ಕೇ 468 ಬಿಂದುಗಳನ್ನು ಹಾಕುವ ತಂತ್ರ ಈಗಾಗಲೇ ಇದೆ. ಕೊರತೆ ಇರುವುದು ಎಐಗೆ ಕಲಿಸಲು ಬೇಕಾದ ಸನ್ನೆಯ ವಿಡಿಯೊಗಳದ್ದು. ಗೂಗಲ್ 2025ರ ಮೇ ತಿಂಗಳಲ್ಲಿ ಪ್ರಕಟಿಸಿದ, ಸನ್ನೆ ಅನುವಾದಿಸುವ ಎಐ ಸೈನ್‌ಜೆಮ್ಮಾ ಕೂಡ ಮುಖ್ಯವಾಗಿ ಅಮೆರಿಕನ್ ಸನ್ನೆಯಿಂದ ಇಂಗ್ಲಿಷ್‌ಗೆ. ಜಗತ್ತಿನಲ್ಲಿ ಸನ್ನೆ ಭಾಷೆಗಳು 200ಕ್ಕೂ ಹೆಚ್ಚಿವೆ.

ಮಾತನ್ನು ಅಕ್ಷರವಾಗಿಸುವ ಆ್ಯಪ್ ಸನ್ನೆಯ ಅನುವಾದವೇ ಅಲ್ಲ. ಆದರೂ ಚಿಕ್ಕಪುಟ್ಟ ಕೆಲಸಕ್ಕೆ ತಂಗಿ ಹೆಚ್ಚು ಬಳಸುವುದು ಅದನ್ನೇ. ಎದುರಿನವರ ಮಾತು ಓದುತ್ತಾಳೆ, ಉತ್ತರ ಟೈಪ್ ಮಾಡುತ್ತಾಳೆ. ಮಾತು ಉದ್ದವಾದರೆ ಸುಸ್ತಾಗುತ್ತಾಳೆ. ಬರಹದ ಭಾಷೆ ಅವಳಿಗೆ ಎರಡನೆಯದು, ನಾವದನ್ನು ಮರೆಯುತ್ತೇವೆ ಅಲ್ವಾ?

ಕೊನೆಗೆ, ವಿಡಿಯೊ ಕರೆಯಲ್ಲಿ ದುಭಾಷಿ. ತಂಗಿ ಹುಬ್ಬೇರಿಸಿದಳು. ಅತ್ತ ಕಡೆಯಿಂದ 'ನಿನಗೆ ನೋವಿದೆಯಾ?' ಎಂಬ ಪ್ರಶ್ನೆ ಧ್ವನಿಯ ಏರಿಳಿತದ ಸಮೇತ ಬಂತು. ಅರ್ಥವಾಗದ ಒಂದು ಸನ್ನೆಯನ್ನು ಅವರು ತಿರುಗಿ ಕೇಳಿದರು. ಯಂತ್ರಗಳಾದರೆ ಕೇಳದೆ ಏನೋ ಒಂದು ಹೇಳಿಬಿಟ್ಟಿದ್ದವು. ಅವರು ಬೇಕೆಂದಾಗ ಸಿಗುವುದಿಲ್ಲ, ನೆಟ್‌ವರ್ಕ್ ಚೆನ್ನಾಗಿರಬೇಕು, ಖಾಸಗಿ ಮಾತಿನ ಮಧ್ಯೆ ಮೂರನೆಯವರು ಇರುತ್ತಾರೆ. ಆದರೂ ಡಾಕ್ಟರ ಹತ್ತಿರ ಹೋಗುವಾಗ ನಾವು ನಂಬುವುದು ಅವರನ್ನೇ. ಅಲ್ಲಿ ಪ್ರಶ್ನೆ ಉತ್ತರವಾಗಿಬಿಟ್ಟರೆ ಔಷಧಿಯೇ ಬದಲಾಗಬಹುದು.

ಕ್ಯಾಮೆರಾ ಆ್ಯಪನ್ನು ತಂಗಿ ಇನ್ನೂ ತೆಗೆದುಹಾಕಿಲ್ಲ. ಹೊಸ ಅಪ್‌ಡೇಟ್ ಬಂದಾಗಲೆಲ್ಲ ಫೋನನ್ನು ಗೋಡೆಗೆ ಒರಗಿಸಿಟ್ಟು, ಹುಬ್ಬೇರಿಸಿ, ಅದೇ ಪ್ರಶ್ನೆ ಕೇಳುತ್ತಾಳೆ.