ಸ್ಕ್ರೈಬಸ್‌ನ ಫಾಂಟ್ ಪಟ್ಟಿ: ಬೀದರಿನ ಡಿಟಿಪಿ ಅಂಗಡಿಯಲ್ಲಿ ಆರು ವರ್ಷ ಬಳಸಿದ ಮೇಲೆ

ಬೀದರಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವನ ಕಂಪ್ಯೂಟರಿನಲ್ಲಿ ಫಾಂಟ್‌ಗಳು ಕಡಿಮೆ ಇರುವುದು ಸಾಧ್ಯವೇ ಇಲ್ಲ. ಒಂದೇ ಲಗ್ನಪತ್ರಿಕೆಯನ್ನು ಮನೆಯವರಿಗೆ ಕನ್ನಡದಲ್ಲಿ, ಉದಗೀರದ ಬೀಗರಿಗೆ ಮರಾಠಿಯಲ್ಲಿ, ಜಹೀರಾಬಾದಿನ ನೆಂಟರಿಗೆ ತೆಲುಗಿನಲ್ಲಿ ಮಾಡಿಕೊಡಬೇಕಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಉರ್ದು ಕರಪತ್ರವೊಂದು ಬರುತ್ತದೆ. ವರ್ಷಕ್ಕೆ ಎರಡು ಬಾರಿಯಾದರೂ ನಾನಕ್ ಝೀರಾ ಗುರುದ್ವಾರದ ಯಾತ್ರಿಕರನ್ನು ನೆಚ್ಚಿಕೊಂಡಿರುವ ಲಾಡ್ಜಿನವರು ಗುರುಮುಖಿಯಲ್ಲಿ ದರಪಟ್ಟಿ ಕೇಳುತ್ತಾರೆ. ಆದ್ದರಿಂದ ಪುಟಗಳನ್ನು ವಿನ್ಯಾಸಗೊಳಿಸುವ ಸ್ಕ್ರೈಬಸ್ ಎಂಬ ತಂತ್ರಾಂಶ ಏನೇನು ಮಾಡಬಲ್ಲದು ಎಂಬುದನ್ನೆಲ್ಲ ಬಿಟ್ಟು, ನನ್ನನ್ನು ಹೆಚ್ಚು ಕಾಡಿದ ಮತ್ತು ಕೊನೆಗೆ ಹೆಚ್ಚು ಸಮಾಧಾನ ಕೊಟ್ಟ ಒಂದೇ ಒಂದು ಸಂಗತಿಯನ್ನು, ಅಂದರೆ ಅದರ ಫಾಂಟ್ ಪಟ್ಟಿಯನ್ನು ಕುರಿತು ಬರೆಯುತ್ತಿದ್ದೇನೆ.

ನಾನು ಇದನ್ನು ಆರಿಸಿಕೊಂಡದ್ದು ದುಡ್ಡಿನ ಕಾರಣಕ್ಕೆ. ಇದು ಉಚಿತ, ನನ್ನ ಕಂಪ್ಯೂಟರ್ ಹಳೆಯದು. 1.4ನೆಯ ಆವೃತ್ತಿಯ ಕಾಲದಲ್ಲಿ ಕನ್ನಡದ ಒತ್ತಕ್ಷರಗಳು ಇದರಲ್ಲಿ ಸರಿಯಾಗಿ ಕೂಡುತ್ತಿರಲಿಲ್ಲ; 1.5ರ ಸರಣಿಯಲ್ಲಿ ಅದು ಸರಿಹೋಯಿತು, 2024ರ ಜನವರಿಯಲ್ಲಿ 1.6 ಸ್ಥಿರ ಆವೃತ್ತಿಯಾಗಿ ಬಂದಿತು. ನನ್ನ ಪಟ್ಟಿ ಇಮ್ಮಡಿಯಾದದ್ದೂ ಇದೇ ಬದಲಾವಣೆಯಿಂದ. ಹೊಸ ಕೆಲಸವನ್ನೆಲ್ಲ ಯೂನಿಕೋಡಿನಲ್ಲಿ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಕ್ರಮದಲ್ಲಿ, ಮಾಡತೊಡಗಿದೆ, ಆದರೆ ಹಳೆಯ ಬಿಲ್ ಪುಸ್ತಕಗಳೂ ರಸೀದಿಗಳೂ ರೋಮನ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಆಸ್ಕಿ ನುಡಿ ಫಾಂಟ್‌ಗಳಲ್ಲಿಯೇ ಉಳಿದವು. ಒಂದು ಲಿಪಿಗೆ ಎರಡು ಸಂಸಾರ.

ಬೆಳಿಗ್ಗೆ ಶಟರ್ ಎತ್ತಿ, ಯಂತ್ರಕ್ಕೆ ಊದುಬತ್ತಿ ಬೆಳಗಿ, ಸ್ಕ್ರೈಬಸ್ ತೆರೆಯಲು ಕ್ಲಿಕ್ ಮಾಡಿ, ಎದುರಿನ ಹೋಟೆಲಿನ ಹುಡುಗ ತಂದಿಟ್ಟ ಚಹಾ ಕೈಗೆತ್ತಿಕೊಳ್ಳುವುದು ನನ್ನ ರೂಢಿ. ಆರಂಭದ ಚಿತ್ರದ ಮೇಲೆ, ಫಾಂಟ್‌ಗಳನ್ನು ಹುಡುಕಲಾಗುತ್ತಿದೆ ಎಂಬ ಸಾಲು ಮೂಡುತ್ತದೆ. ಮೊದಲಿನ ವರ್ಷಗಳಲ್ಲಿ ಆ ಸಾಲು ಅಳಿಯುವಷ್ಟರಲ್ಲಿ ಚಹಾ ಮುಗಿದು ಕಪ್ಪಿನ ತಳ ಕಾಣುತ್ತಿತ್ತು. ಅನಂತರ ಪಟ್ಟಿಯೊಳಗಿನ ಪಯಣ ಬೇರೆ: ಮೊದಲಕ್ಷರ ಒತ್ತಿ ಅಲ್ಲಿಗೆ ಹಾರಿದರೂ, ಹತ್ತಾರು ಲಿಪಿಗಳಿಗೆ ಗೂಗಲ್ ಕೊಟ್ಟಿರುವ, ನೋಟೋ ಎಂದು ಆರಂಭವಾಗುವ ಫಾಂಟ್ ಹೆಸರುಗಳ ಸಾಲಿನಲ್ಲಿ ನಾನೆಂದೂ ಓದಲಾಗದ ಲಿಪಿಗಳನ್ನೆಲ್ಲ ದಾಟಿದ ಮೇಲೆಯೇ ಕನ್ನಡ ಸಿಗುತ್ತಿತ್ತು. ಹೀಗೆ ತುಂಬಿಸಿದವನು ನಾನೇ ಎಂಬುದನ್ನು ಒಪ್ಪಿಕೊಳ್ಳಬೇಕು. ಗಿರಾಕಿ ತಂದ ಪೆನ್‌ಡ್ರೈವಿನಲ್ಲಿ ಚೆಂದದ ಫಾಂಟ್ ಕಂಡರೆ ನಕಲು ಮಾಡಿಕೊಳ್ಳದೆ ಬಿಟ್ಟವನಲ್ಲ.

ಪಟ್ಟಿಯನ್ನು ಹಗುರಗೊಳಿಸಲು ತಂತ್ರಾಂಶವೇ ಒಂದು ದಾರಿ ಕೊಟ್ಟಿದೆ. ಆದ್ಯತೆಗಳಲ್ಲಿ ಫಾಂಟ್ ವಿಭಾಗವನ್ನು ತೆರೆದರೆ ಪ್ರತಿ ಫಾಂಟಿನ ಮುಂದೆಯೂ ಬಳಸಬೇಕೋ ಬೇಡವೋ ಎಂದು ಗುರುತು ಹಾಕುವ ಚೌಕವಿದೆ. ನನಗೆ ಸಿಟ್ಟು ಬಂದದ್ದು ಇಲ್ಲಿಯೇ. ಅಲ್ಲಿ ಕುಟುಂಬಕ್ಕೆ ಒಂದು ಸಾಲಲ್ಲ, ರೂಪಕ್ಕೊಂದು ಸಾಲು. ನೋಟೋ ಸ್ಯಾನ್ಸ್ ಕನ್ನಡವೊಂದರಲ್ಲಿಯೇ ಅತಿ ತೆಳುವಿನಿಂದ ಅತಿ ದಪ್ಪದವರೆಗೆ 9 ಹಂತಗಳಿವೆ. ಇಂದು ಮರಾಠಿಯ ಗುಂಪು ಸಾಕು, ನಾಳೆ ಉರ್ದುವಿನದು ಬೇಕು ಎಂದು ಗುಂಪಾಗಿ ತೆಗೆದಿಡುವ ಏರ್ಪಾಡಿಲ್ಲ. ಒಂದು ಭಾನುವಾರ ಇಡೀ ಮಧ್ಯಾಹ್ನ ಕುಳಿತು ಒಂದೊಂದೇ ಚೌಕವನ್ನು ಅಳಿಸಿದೆ. ಬೆರಳು ನೋಯುವ ಹೊತ್ತಿಗೆ ಉಳಿದವುಗಳ ಮೇಲಿನ ಸಿಟ್ಟಿನಲ್ಲಿ ಹಳೆಯ ನುಡಿ ಫಾಂಟ್‌ಗಳನ್ನೂ ಕಂಪ್ಯೂಟರಿನಿಂದಲೇ ತೆಗೆದುಬಿಟ್ಟೆ.

ಅದರ ದಂಡ ವಾರದೊಳಗೆ ಬಂತು. ಕಿರಾಣಿ ಅಂಗಡಿಯ ಹಿರಿಯರೊಬ್ಬರು ಹಳೆಯ ಬಿಲ್ ಪುಸ್ತಕ ಹಿಡಿದು ಬಂದು, "ಹೋದ ವರ್ಷದ ಅಕ್ಷರಾನೇ ಇರಲಿ ನೋಡ್ರಿ, ಬದಲ ಮಾಡಬ್ಯಾಡ್ರಿ" ಎಂದರು. ಫೈಲು ತೆರೆದೊಡನೆ, ಇಂತಿಂಥ ಫಾಂಟ್‌ಗಳು ಇಲ್ಲ, ಬದಲಿ ಆರಿಸಿ ಎಂಬ ಕಿಟಕಿ ಎದುರಾಯಿತು. ಅವಸರದಲ್ಲಿ ಸರಿ ಎಂದೊತ್ತಿದೆ. ತಲೆಬರಹದ ‘ಶ್ರೀ’ ಇದ್ದಲ್ಲಿ ಮೂರು ಚಿಹ್ನೆಗಳು ನಿಂತಿದ್ದವು: ವರ್ಗದ ಗುರುತಿನ ಪುಟ್ಟ ಎರಡು, ಎ ಮತ್ತು ಇ ಅಂಟಿಕೊಂಡ ಅಕ್ಷರ, ತಲೆಯ ಮೇಲೆ ಅಲೆ ಹೊತ್ತ ದೊಡ್ಡ ಎ. ಆಸ್ಕಿ ಫಾಂಟಿನಲ್ಲಿ ಕನ್ನಡ ಇರುವುದು ಫಾಂಟಿನ ಚಿತ್ರದಲ್ಲಿ ಮಾತ್ರ, ಫೈಲಿನಲ್ಲಿ ಇರುವುದು ಇಂಥ ರೋಮನ್ ಚಿಹ್ನೆಗಳೇ ಎಂಬುದು ಗೊತ್ತಿದ್ದೂ ಮರೆತಿದ್ದೆ. ಪುಣ್ಯಕ್ಕೆ ಫೈಲನ್ನು ಉಳಿಸದೆ ಮುಚ್ಚಿದೆ. ಫಾಂಟ್ ಮಾತ್ರ ಇರಲಿಲ್ಲ. ಹಿರಿಯರು ಮರುದಿನ ಬರಬೇಕಾಯಿತು.

ಅಂದು ಸಂಜೆ ಅದೇ ಫಾಂಟ್ ವಿಭಾಗದಲ್ಲಿ, ಅಷ್ಟು ವರ್ಷ ಕಣ್ಣಿಗೆ ಬಿದ್ದರೂ ಗಮನಿಸದಿದ್ದ ಹೆಚ್ಚುವರಿ ಹಾದಿಗಳ ಪುಟವನ್ನು ತೆರೆದೆ. ವಿಂಡೋಸ್‌ನಲ್ಲಿ ಸ್ಥಾಪಿಸದೆಯೇ, ಫಾಂಟ್‌ಗಳು ಇರುವ ಫೋಲ್ಡರನ್ನು ಇಲ್ಲಿ ತೋರಿಸಿದರೆ ಸ್ಕ್ರೈಬಸ್ ನೇರವಾಗಿ ಓದಿಕೊಳ್ಳುತ್ತದೆ. ನನಗೆ ಬೇಕಾಗಿದ್ದ ಗುಂಪುಗಳು ಇವೇ ಅಲ್ಲವೇ! ಬ್ಯಾಕಪ್ಪಿನಿಂದ ನುಡಿಯನ್ನು ಮರಳಿ ತಂದೆ. ಕನ್ನಡ ಯೂನಿಕೋಡ್, ಹಳೆಯ ನುಡಿ, ದೇವನಾಗರಿ, ತೆಲುಗು, ಉರ್ದು, ಗುರುಮುಖಿ ಎಂದು ಆರು ಫೋಲ್ಡರುಗಳಾದವು. ಕನ್ನಡದ ಎರಡು ಮತ್ತು ದೇವನಾಗರಿ ಸದಾ ಜೋಡಿಸಿರುತ್ತವೆ, ಉಳಿದವು ಕೆಲಸ ಬಂದಾಗ ಮಾತ್ರ. ಮುಗಿದ ಕೆಲಸವನ್ನು ಔಟ್‌ಪುಟ್‌ಗಾಗಿ ಸಂಗ್ರಹಿಸುವ ಆಯ್ಕೆಯಿಂದ ಫಾಂಟ್ ಸಮೇತ ಎತ್ತಿಡುತ್ತೇನೆ. ಈಗ ಪಟ್ಟಿಯನ್ನು ಎರಡು ಸಲ ಉರುಳಿಸಿದರೆ ಕೊನೆ ಸಿಗುತ್ತದೆ, ಬೆಳಗಿನ ಚಹಾ ಅರ್ಧ ಕಪ್ಪು ಉಳಿದಿರುವಾಗಲೇ ಕೆಲಸ ಶುರುವಾಗುತ್ತದೆ.

ಕೋರೆಲ್‌ಡ್ರಾನಲ್ಲಿಯೂ ಕೆಲಸ ಮಾಡುವವರಿಗೆ ಈ ದಾರಿ ಅಷ್ಟಾಗಿ ಒಗ್ಗಲಾರದು, ಏಕೆಂದರೆ ಸ್ಕ್ರೈಬಸ್‌ಗೆ ತೋರಿಸಿದ ಫೋಲ್ಡರು ಇತರ ತಂತ್ರಾಂಶಗಳಿಗೆ ಕಾಣುವುದಿಲ್ಲ. ವಿಂಡೋಸ್‌ನೊಂದಿಗೆ ಬಂದ ಫಾಂಟ್‌ಗಳಿಗೆ ಆ ಚೌಕಗಳೇ ಗತಿ. ಇನ್ನೊಂದು ತೊಡಕು ನನಗೂ ಉಳಿದಿದೆ: ಯಾವುದಾದರೂ ಫೈಲು ತೆರೆದಿರುವಾಗ ಈ ಹಾದಿಗಳನ್ನು ಬದಲಿಸಲು ಬರುವುದಿಲ್ಲ. ಆದ್ದರಿಂದ ಲಾಡ್ಜಿನವರು ದರಪಟ್ಟಿ ಕೇಳಿಕೊಂಡು ಬಂದರೆ, ಕೈಯಲ್ಲಿರುವ ಲಗ್ನಪತ್ರಿಕೆಯನ್ನು ಉಳಿಸಿ, ಎಲ್ಲವನ್ನೂ ಮುಚ್ಚಿ, ಗುರುಮುಖಿಯ ಫೋಲ್ಡರು ಜೋಡಿಸಿ, ಸ್ಕ್ರೈಬಸ್ ಮತ್ತೆ ತೆರೆದುಕೊಳ್ಳುವವರೆಗೆ ಅವರಿಗೂ ಒಂದು ಚಹಾ ಹೇಳುತ್ತೇನೆ.