ಆಸಿಡ್-ಬೇಸ್ ಪಾಠ: ಲೆಕ್ಚರ್ರಾ, ಪಿಬಿಎಲ್ಲಾ, ಮೊದಲೇ ಪ್ರಶ್ನೆನಾ? ಮೂರೂ ಮಾಡಿ ನೋಡಿದ್ದೀನಿ

ನಾನು ಮೆಡಿಕಲ್ ಸ್ಟೂಡೆಂಟ್ಸ್‌ಗೆ ಫಿಸಿಯಾಲಜಿ ಹೇಳ್ಕೊಡೋನು. ಆಸಿಡ್-ಬೇಸ್, ಅಂದ್ರೆ ರಕ್ತದ ಆಮ್ಲ-ಕ್ಷಾರ ಸಮತೋಲನ ಅನ್ನೋ ಒಂದೇ ಟಾಪಿಕ್ಕನ್ನ ಬೇರೆ ಬೇರೆ ಬ್ಯಾಚಿಗೆ ಮೂರು ಥರ ಮಾಡಿದ್ದೀನಿ, ಹಾಗಾಗಿ ಹೋಲಿಸ್ತಾ ಇದ್ದೀನಿ.

ಲೆಕ್ಚರ್ ನನಗೆ ಸುಲಭ. ಒಂದು ಗಂಟೇಲಿ ಬಫರ್ (ಪಿಎಚ್ ಏರಿಳಿತ ತಡೆಯೋ ವಸ್ತುಗಳು), ಶ್ವಾಸಕೋಶ, ಕಿಡ್ನಿ ಎಲ್ಲಾ ಮುಗಿಯುತ್ತೆ, ರಕ್ತದ ನಾರ್ಮಲ್ ಪಿಎಚ್ (ಇಳಿದ್ರೆ ಆಮ್ಲ ಜಾಸ್ತಿ ಅಂತ) 7.35ರಿಂದ 7.45 ಅಂತ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾರೆ. ಆದ್ರೆ ಎರಡು ವಾರ ಬಿಟ್ಟು ಒಂದು ಎಬಿಜಿ ರಿಪೋರ್ಟ್ (ಅಪಧಮನಿ ರಕ್ತದ ಪಿಎಚ್, ಅನಿಲ ಅಳೆಯೋ ಟೆಸ್ಟ್) ಕೈಗೆ ಕೊಟ್ಟು ಇದೇನು ಹೇಳ್ರಪ್ಪಾ ಅಂದ್ರೆ ಯಾರೂ ಬಾಯಿ ಬಿಡಲ್ಲ.

ಪಿಬಿಎಲ್ (ಪ್ರಾಬ್ಲಮ್-ಬೇಸ್ಡ್ ಲರ್ನಿಂಗ್), ಅಂದ್ರೆ 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ಮೆಡಿಕಲ್ ಸ್ಕೂಲಲ್ಲಿ ಶುರುವಾದ ಪದ್ಧತಿ, ಒಂದು ಕೇಸ್ ಕೊಟ್ಟು ಸಣ್ಣ ಗುಂಪಲ್ಲಿ ಅವರೇ ಹುಡುಕ್ಕೊಂಡು ಕಲೀಬೇಕು. ನನ್ನ ಗುಂಪಲ್ಲಿ ಚೆನ್ನಾಗಿ ನಡೀತು, ಪಕ್ಕದ ಗುಂಪಲ್ಲಿ ಇಬ್ಬರೇ ಮಾತಾಡಿ ಉಳಿದವರು ಬರ್ಕೊಂಡ್ರು. ನಡೆಸಿಕೊಡೋರ ಮೇಲೇ ಎಲ್ಲಾ ನಿಂತಿರುತ್ತೆ.

ನನಗೆ ನಿಜವಾಗ್ಲೂ ಹಿಡಿಸಿದ್ದು ಮೂರನೇದು. ಹಾರ್ವರ್ಡ್‌ನಲ್ಲಿ ಎರಿಕ್ ಮಝೂರ್ ಅನ್ನೋ ಫಿಸಿಕ್ಸ್ ಮೇಷ್ಟ್ರು ಬೆಳೆಸಿದ ದಾರಿ. ಪಾಠಕ್ಕೆ ಮೊದಲೇ ಸ್ಲೈಡ್ ಹಾಕ್ತೀನಿ: ಶುಗರ್ ಪೇಷೆಂಟ್, ಎರಡು ದಿನದಿಂದ ವಾಂತಿ, ಜೋರಾಗಿ ಆಳವಾಗಿ ಉಸಿರಾಡ್ತಿದ್ದಾನೆ, ಪಿಎಚ್ 7.22, ಬೈಕಾರ್ಬೊನೇಟ್ (ಆಮ್ಲ ತಟಸ್ಥ ಮಾಡೋ ಕ್ಷಾರ) 8, ಪಿಸಿಒ2 (ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಒತ್ತಡ) 20. ಈ ಉಸಿರಾಟ ಕಾಯಿಲೆನಾ, ಕಾಯಿಲೆಗೆ ದೇಹ ಕೊಟ್ಟ ಉತ್ತರಾನಾ? ಮೊದಲು ಯಾರೂ ಮಾತಾಡದೆ ಕಾರ್ಡ್ ಎತ್ತಬೇಕು, ಆಮೇಲೆ ಪಕ್ಕದವರ ಜೊತೆ ವಾದ ಮಾಡಿ ಮತ್ತೆ ಎತ್ತಬೇಕು. ಮೊದಲ ಸಲ ಅರ್ಧಕ್ಕರ್ಧ ಜನ ಶ್ವಾಸಕೋಶದ ತೊಂದರೆ ಅಂದ್ರು! ವಾದ ಆದ್ಮೇಲೆ ಬಹುತೇಕ ಎಲ್ಲಾ ತಿರುಗಿದ್ರು, ಆಗ ನಾನು ಲೆಕ್ಕ ಬರೆದೆ, ಬೈಕಾರ್ಬೊನೇಟನ್ನ ಒಂದೂವರೆಯಿಂದ ಗುಣಿಸಿ 8 ಕೂಡಿಸಿದ್ರೆ 20, ಇರಬೇಕಾದ ಪಿಸಿಒ2 ಅಷ್ಟೇ, ಅಂದ್ರೆ ರಕ್ತದಲ್ಲಿ ಏರಿದ ಆಮ್ಲಕ್ಕೆ ಉತ್ತರವಾಗಿ ಶ್ವಾಸಕೋಶ ತನ್ನ ಕೆಲಸ ಸರಿಯಾಗೇ ಮಾಡ್ತಿದೆ.

ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ, ಸರ್ ಪಿಸಿಒ2 ಸಂಜೆಗೆ 32ಕ್ಕೆ ಬಂದ್ರೆ ನಾರ್ಮಲ್ ಹತ್ರ ಬಂತಲ್ವಾ, ಒಳ್ಳೇದಲ್ವಾ ಅಂದ್ಲು. ಇಲ್ಲಮ್ಮಾ ಅಂದೆ ನಾನು, ಬೈಕಾರ್ಬೊನೇಟ್ ಇನ್ನೂ 8ರಲ್ಲೇ ಇದ್ರೆ ಆ ಪೇಷೆಂಟ್ ಉಸಿರಾಡಿ ಸುಸ್ತಾಗಿದ್ದಾನೆ ಅಂತ ಅರ್ಥ, ಪಿಎಚ್ 7.02ಕ್ಕೆ ಕುಸಿದಿರುತ್ತೆ. ಲೆಕ್ಚರ್ ಮಾಡಿದ ಯಾವ ಬ್ಯಾಚಲ್ಲೂ ಈ ಪ್ರಶ್ನೆ ಬಂದಿರ್ಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ಒಂದು ಗಂಟೇಲಿ ಅರ್ಧ ಪಾಠಾನೇ ಆಗೋದು, ಫೀಡ್‌ಬ್ಯಾಕಲ್ಲಿ ಸರ್ ಪಾಠ ಮಾಡಲ್ಲ, ಬರೀ ಪ್ರಶ್ನೆ ಕೇಳ್ತಾರೆ ಅಂತ ಬರೆದಿದ್ರು, ಓದಿ ಬೇಜಾರಾಯ್ತು. ಆದ್ರೆ 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನೋ ಮನಃಶಾಸ್ತ್ರಜ್ಞರು ಮಾಡಿದ ಪ್ರಯೋಗದಲ್ಲೂ ಹೀಗೇ, ಐದು ನಿಮಿಷ ಬಿಟ್ಟು ಕೇಳಿದ್ರೆ ಮತ್ತೆ ಮತ್ತೆ ಓದಿದವರೇ ಮುಂದೆ, ಒಂದು ವಾರ ಬಿಟ್ಟು ಕೇಳಿದ್ರೆ ಟೆಸ್ಟ್ ಕೊಟ್ಕೊಂಡವರು ಮುಂದೆ. ಕ್ಲಾಸಿಂದ ಎದ್ದು ಹೋಗುವಾಗ ಅರ್ಥ ಆಯ್ತು ಅನ್ಸೋದನ್ನ ನಾನೀಗ ನಂಬಲ್ಲ.

ಪಿಬಿಎಲ್ಲನ್ನ ವಾರ್ಡ್ ನೋಡಿ ಬಂದ ಬ್ಯಾಚಿಗೆ ಇಟ್ಕೊಂಡಿದ್ದೀನಿ. ಕಿಡ್ನಿ ಭಾಗ ಮಾತ್ರ ಇನ್ನೂ ಲೆಕ್ಚರಲ್ಲೇ ಇದೆ, ಅದಕ್ಕೆ ಹಿಂಗೆ ಜಗಳ ಹಚ್ಚೋ ಪ್ರಶ್ನೆ ಇನ್ನೂ ಸಿಕ್ಕಿಲ್ಲ, ಹುಡುಕ್ತಿದ್ದೀನಿ.