ಸಂದರ್ಶನದ ಕೆಲಸವನ್ನು ಸಂಸ್ಥೆಗಳಿಗೆ ಒಪ್ಪಿಸುವ ಮುನ್ನ ಇದನ್ನು ಓದಿ

ಸಂಶೋಧನೆಗೆ ಸಂದರ್ಶನ ಮಾಡಿಕೊಡುತ್ತೇವೆ ಎನ್ನುವ ಸಂಸ್ಥೆಗಳನ್ನು ನಂಬಿ ಹಣ ಕೊಡಬೇಡಿ. ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ.

ನನ್ನ ವಿಷಯ ಆಶ್ರಯದಾತ-ಆಶ್ರಿತ ರಾಜಕಾರಣ, ಅಂದರೆ ನೆರವು ಕೊಟ್ಟು ಪ್ರತಿಯಾಗಿ ಮತ, ಬೆಂಬಲ ಪಡೆಯುವ ರಾಜಕಾರಣ. ಎಷ್ಟು ಜನ ಏನು ಪಡೆದರು ಎಂಬ ಲೆಕ್ಕ ನನಗೆ ಬೇಕಿರಲಿಲ್ಲ. ಪಡೆದವರು ಅದನ್ನು ನೆರವು ಎನ್ನುತ್ತಾರೋ, ಋಣ ಎನ್ನುತ್ತಾರೋ, ಹಕ್ಕು ಎನ್ನುತ್ತಾರೋ, ಅದು ಬೇಕಿತ್ತು. ಜನ ತಮ್ಮ ಅನುಭವಕ್ಕೆ ತಾವೇ ಕೊಡುವ ಅರ್ಥವನ್ನು ಹುಡುಕುವ ವ್ಯಾಖ್ಯಾನಾತ್ಮಕ ವಿಧಾನ ನಿಂತಿರುವುದೇ ಅದರ ಮೇಲೆ. 1990ರ ದಶಕದಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ಹೊರವಲಯದ ಬಡವರ ಬಡಾವಣೆಯಲ್ಲಿ ಸಮಾಜಶಾಸ್ತ್ರಜ್ಞ ಹಾವಿಯೆರ್ ಔಯೆರೊ ಕಂಡದ್ದೂ ಇದನ್ನೇ: ಜನರಿಗೆ ನೆರವು ತಲುಪಿಸುವ ಪಕ್ಷದ ಮಧ್ಯವರ್ತಿಗೆ ಹತ್ತಿರವಿದ್ದವರು ಸ್ನೇಹ, ಕಾಳಜಿ ಎಂದರು, ದೂರವಿದ್ದವರು ರಾಜಕೀಯದ ಆಟ ಎಂದರು. ಯಾರು ಯಾರೆದುರು ಆಡಿದ ಮಾತು ಎಂಬುದು ತಿಳಿಯದಿದ್ದರೆ ಆ ಮಾತಿನಿಂದ ಏನೂ ಸಿಗುವುದಿಲ್ಲ. ನಾನು ಕೆಲಸ ಒಪ್ಪಿಸಿದ ಸಂಸ್ಥೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಿದ್ದೆ. “ನಮಗೆ ಗೊತ್ತು, ಇದೇ ನಮ್ಮ ಕೆಲಸ” ಎಂದರು. ಮುಂಗಡ ಪಡೆದರು.

ಸಂದರ್ಶನಗಳ ಬರಹರೂಪವೆಂದು ಬಂದ ಪುಟಗಳಲ್ಲಿ ತಡವರಿಕೆಯಿಲ್ಲ, ಮೌನವಿಲ್ಲ, ಮರುಪ್ರಶ್ನೆಯಿಲ್ಲ. ವೃದ್ಧೆಯೊಬ್ಬರು “ಸೌಲಭ್ಯ ಪಡೆದಿದ್ದೇನೆ, ಪ್ರತಿಯಾಗಿ ಮತ ನೀಡುವುದು ನನ್ನ ಕರ್ತವ್ಯ” ಎನ್ನುತ್ತಾರೆ. ಅದೇ ವಾಕ್ಯ, ಅಲ್ಪವಿರಾಮವೂ ಸೇರಿ, ಮುಂದೆ ಯುವಕನೊಬ್ಬನ ಬಾಯಲ್ಲೂ ಇದೆ!

ವಿಭಾಗದಲ್ಲಿ ಮಂಡಿಸುವಾಗ ಹಿರಿಯರೊಬ್ಬರು ಕೇಳಿದರು: “ಈಕೆ ಹೀಗೆ ಹೇಳುವಾಗ ಪಕ್ಕದಲ್ಲಿ ಯಾರಿದ್ದರು?” ಪುಟಗಳಲ್ಲಿ ಅದರ ಸುಳಿವೇ ಇರಲಿಲ್ಲ. ಎಲ್ಲರೆದುರು ತಲೆ ತಗ್ಗಿಸಿ ನಿಂತೆ.

ಸಂಸ್ಥೆಗೆ ಫೋನ್ ಮಾಡಿದೆ. “ಅಲ್ಲಿನ ಮಧ್ಯವರ್ತಿಯೇ ಜನರನ್ನು ಸೇರಿಸಿಕೊಟ್ಟರು ಮೇಡಂ, ಅವರ ಮನೆಯಲ್ಲೇ ಕುಳಿತು ಮುಗಿಸಿದೆವು.” ಅವರೂ ಇದ್ದರೇ? “ಇರದೆ ಮತ್ತೆ? ಅವರಿಲ್ಲದೆ ಯಾರು ಬಾಯಿ ಬಿಡುತ್ತಾರೆ?” ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಟಿಪ್ಪಣಿಯಲ್ಲಿ ಏಕೆ ಬರೆಯಲಿಲ್ಲ ಎಂದರೆ, “ಅದು ಪ್ರಶ್ನಾವಳಿಯಲ್ಲಿ ಇರಲಿಲ್ಲ.” ಧ್ವನಿಮುದ್ರಣ ಕೊಡಿ ಎಂದರೆ, “ಅಳಿಸಿದ್ದೇವೆ, ಗೋಪ್ಯತೆ ಮುಖ್ಯ.” ಔಷಧಕ್ಕೂ ಕೆಲಸಕ್ಕೂ ಯಾರ ಕೈ ಕಾಯಬೇಕೋ ಅವನ ಮುಂದೆಯೇ ಆ ಜನರನ್ನು ಕೂರಿಸಿ, ಅವನ ಬಗ್ಗೆಯೇ ಕೇಳಿದವರು ಆಡುವ ಮಾತೇ ಇದು? ನಾಳೆ ಅವರಿಗೆ ತೊಂದರೆಯಾದರೆ ಯಾರು ಹೊಣೆ? ಅವನು ಪಕ್ಕದಲ್ಲಿದ್ದ, ಆಕೆ ಅವನ ಮುಖ ನೋಡಿ ಉತ್ತರಿಸಿದರು ಎಂದು ಬರೆದಿದ್ದರೆ ಇಡೀ ಅಧ್ಯಯನಕ್ಕೆ ಅದೇ ದೊಡ್ಡ ಸಾಕ್ಷ್ಯವಾಗುತ್ತಿತ್ತು. ಅದನ್ನೇ ಒರೆಸಿ ಹಾಕಿದರು.

ಮೊದಲ ಸಂದರ್ಶನದ ಧ್ವನಿಮುದ್ರಣ, ಕೈಬರಹದ ಟಿಪ್ಪಣಿ ಎರಡೂ ಕೈಸೇರುವವರೆಗೆ ಬಿಡಿಗಾಸೂ ಕೊಡಬೇಡಿ. ಜನರನ್ನು ಪರಿಚಯಿಸಿದವರು ಯಾರು ಎಂದು ಮೊದಲೇ ಕೇಳಿ. ಸಾಧ್ಯವಿದ್ದರೆ ನೀವೇ ಹೋಗಿ.

ಮುಂಗಡ ಹಿಂದಿರುಗಿಸಿ ಎಂದದ್ದಕ್ಕೆ ಬಂದ ಉತ್ತರ: “ಒಪ್ಪಿದಷ್ಟು ಪುಟ ತಲುಪಿಸಿದ್ದೇವಲ್ಲ?” ಆಮೇಲೆ ನನ್ನ ಕರೆಗಳನ್ನೇ ಸ್ವೀಕರಿಸುತ್ತಿಲ್ಲ.